ಕರ್ಚೀಫ್ ಹಾಕಿದ ಸೀಟು

ಬಸ್ಸಿನ ಸೀಟಿನ ಮೇಲೆ ಕರ್ಚೀಫ್ ಬಿದ್ದಿರುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಜ್ಜಂಪುರದ ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ ತರೀಕೆರೆ ಬಸ್ಸು ಬಂದು ನಿಲ್ಲುವ ಮೊದಲೇ ಹತ್ತಿಪ್ಪತ್ತು ಕೈಗಳು ಕಿಟಕಿಗಳ ಒಳಗೆ ಹೋಗಿಬಿಡುತ್ತವೆ. ಟವೆಲ್ಲು, ಕರ್ಚೀಫು, ಟಿಫಿನ್ ಬ್ಯಾಗು. ಒಮ್ಮೆ ಒಬ್ಬ ಅಜ್ಜ ಏನೂ ಸಿಗದೆ ತನ್ನ ಕಾಲಿನ ಒಂದು ಚಪ್ಪಲಿಯನ್ನೇ ಒಳಗೆ ಎಸೆದು, ಇನ್ನೊಂದರಲ್ಲಿ ಕುಂಟುತ್ತಾ ಹತ್ತಿದ್ದರು. ಎಸೆದ ಮೇಲೆ ಆ ಸೀಟು ಅವರದು, ಯಾರೂ ಕೇಳುವಂತಿಲ್ಲ. ನಮ್ಮೂರು ತಾಲ್ಲೂಕು ಕೇಂದ್ರವಾಯಿತು, ಕಚೇರಿ ಬಂತು, ಬೋರ್ಡು ಬಂತು. ಆದರೂ ಅಪ್ಪ ಹೇಳುವುದು ಒಂದೇ ಮಾತು: ಕಚೇರಿಯಲ್ಲಿ ಖಾತೆ ಆಗೋಕೆ ವರ್ಷ ಬೇಕು, ಬಸ್ಸಲ್ಲಿ ಕರ್ಚೀಫ್ ಬಿದ್ರೆ ಸಾಕು, ಆಗಿಹೋಯ್ತು.

ನಾನು ಪಿಯುಸಿ ಓದಿದ್ದು ತರೀಕೆರೆಯಲ್ಲಿ, ಸೈನ್ಸು. ದಿನಾ ಅಜ್ಜಂಪುರದಿಂದ ಹೋಗಿ ಬರುವುದು, ಒಂದು ಕಡೆಗೆ ಮುಕ್ಕಾಲು ಗಂಟೆ. ಫಸ್ಟ್ ಇಯರಿನಲ್ಲಿ ನನಗೆ ಸೀಟು ಹಿಡಿಯುತ್ತಿದ್ದವನು ನಮ್ಮ ಬೀದಿಯವನೇ, ನನ್ನ ಕ್ಲಾಸಿನವನೇ. ಓಟದಲ್ಲಿ ಅವನನ್ನು ಮೀರಿಸುವವರು ಸ್ಟ್ಯಾಂಡಿನಲ್ಲಿ ಇರಲಿಲ್ಲ. ಬಸ್ಸು ತಿರುಗುತ್ತಿರುವಾಗಲೇ ಜೊತೆಯಲ್ಲಿ ಓಡಿ, ಎಡಗಡೆಯ ಮೂರನೇ ಕಿಟಕಿಯೊಳಗೆ ಕರ್ಚೀಫ್ ಹಾಕಿ, ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತಿದ್ದ. ನಾನು ರಾಣಿಯ ಹಾಗೆ ನಿಧಾನವಾಗಿ ಹತ್ತಿ ಹೋಗಿ ಕೂರುತ್ತಿದ್ದೆ. ಅವನು ಪಕ್ಕದಲ್ಲಿ ನಿಂತು ಹರಟುತ್ತಾ ಬರುತ್ತಿದ್ದ. ಅಷ್ಟೇ. ಕೈ ಹಿಡಿದದ್ದಿಲ್ಲ, ಚೀಟಿ ಬರೆದದ್ದಿಲ್ಲ. ಆದರೆ ಹದಿನಾರು ವರ್ಷದವಳಿಗೆ, ಅಷ್ಟು ಜನರ ನಡುವೆ ಒಬ್ಬ ದಿನಾ ತನಗಾಗಿ ಒಂದು ಜಾಗ ಹಿಡಿಯುತ್ತಾನೆ ಎನ್ನುವುದಕ್ಕಿಂತ ದೊಡ್ಡ ಮಾತು ಬೇರೆ ಏನು ಬೇಕು.

ಅವನ ಕರ್ಚೀಫ್ ಹರಿದು ಜಾಳುಜಾಳಾಗಿತ್ತು. ತರೀಕೆರೆ ಸಂತೆಯಲ್ಲಿ ನಾನೇ ಒಂದು ಕೊಂಡೆ, ನೀಲಿ ಚೌಕಳಿಯದು. ಅಮ್ಮನ ಕಣ್ಣು ತಪ್ಪಿಸಿ ಇಸ್ತ್ರಿ ಮಾಡಿ ಕೊಟ್ಟೆ. ಕರ್ಚೀಫ್ ಕೊಟ್ಟರೆ ಜಗಳ ಆಗುತ್ತದೆ, ಕೊಡಬೇಡ ಕಣೇ ಎಂದು ಕ್ಲಾಸಿನಲ್ಲೂ ಬಸ್ಸಿನಲ್ಲೂ ಜೊತೆಗಿರುತ್ತಿದ್ದ ಗೆಳತಿ ಬಡಕೊಂಡಳು. ನಾನು ಕೇಳಲಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು.

ದೀಪಾವಳಿ ರಜೆ ಮುಗಿದ ಮೊದಲ ದಿನ. ಬಸ್ಸು ಹತ್ತಿದೆ, ಮೂರನೇ ಕಿಟಕಿಯ ಸೀಟಿನ ಮೇಲೆ ನೀಲಿ ಚೌಕಳಿ ಬಿದ್ದಿತ್ತು. ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವನು ಹಿಂದೆಯೇ ಬಂದ. ಅವನ ಹಿಂದೆ ಕಾಮರ್ಸಿನ ಒಬ್ಬ ಹುಡುಗಿ.

"ಸ್ವಲ್ಪ ಏಳ್ತೀಯಾ?" ಅಂದ. "ಅದು ನಿಂಗೆ ಹಾಕಿದ್ದಲ್ಲ ಕಣೇ."

ಎದ್ದೆ. ನನಗೆ ಅವನ ಮೇಲಿನ ಸಿಟ್ಟು ಯಾವತ್ತೋ ಇಳಿಯಿತು, ನಾನು ಹಾಗೆ ಎದ್ದೆನಲ್ಲ ಎನ್ನುವ ಸಿಟ್ಟು ಇಳಿಯಲಿಲ್ಲ. ನಾಲ್ಕು ಮಾತು ಬೈಯಬಹುದಿತ್ತು. ಕಾಲು ಉಳುಕಿದೆ ಎಂದು ಸುಳ್ಳು ಹೇಳಬಹುದಿತ್ತು. ಕರ್ಚೀಫ್ ನಂದು, ಸೀಟೂ ನಂದು ಅನ್ನಬಹುದಿತ್ತು. ಏನೂ ಮಾಡದೆ, ಬಾಡಿಗೆ ಮುಗಿದವಳ ಹಾಗೆ ಬ್ಯಾಗು ಎತ್ತಿಕೊಂಡು ಎದ್ದೆ. ಸಾಲದ್ದಕ್ಕೆ ಮಡಚಿದ ಕರ್ಚೀಫನ್ನು ಅವನ ಕೈಗೇ ಕೊಟ್ಟೆ. ಬಸ್ಸು ತುಂಬಿತ್ತು, ಹಿಂದೆ ಹೋಗಲು ಜಾಗವಿರಲಿಲ್ಲ. ತರೀಕೆರೆಯವರೆಗೂ ಅವರಿಬ್ಬರ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದೆ. ಆ ಹುಡುಗಿ ಪಾಪ, ಬ್ಯಾಗು ಕೊಡಿ ಹಿಡ್ಕೊಂತೀನಿ ಎಂದು ಬೇರೆ ಕೇಳಿದಳು.

ಮನೆಯಲ್ಲಿ ಹೇಳುವ ಹಾಗಿಲ್ಲ. ಊಟ ಸೇರಲಿಲ್ಲ. ಅಜ್ಜಿ ದೃಷ್ಟಿ ತೆಗೆದಳು, ವಿಭೂತಿ ಹಚ್ಚಿದಳು. ಅಮ್ಮ ನನ್ನನ್ನು ನಾಲ್ಕು ದಿನ ಕಡೂರಿನ ಚಿಕ್ಕಮ್ಮನ ಮನೆಗೆ ಕಳಿಸಿದಳು. ಚಿಕ್ಕಮ್ಮ ಓದಿದವಳು, ದೃಷ್ಟಿ ಗಿಷ್ಟಿ ನಂಬುವವಳಲ್ಲ. ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿ, ರಕ್ತ ಕಮ್ಮಿ ಇದೆ ಎಂದು ತೀರ್ಮಾನಿಸಿ, ಮೂರು ಹೊತ್ತೂ ಬೀಟ್ರೂಟ್ ಪಲ್ಯ ತಿನ್ನಿಸಿದಳು. ಪ್ರೀತಿ ಮುರಿದದ್ದಕ್ಕೆ ಬೀಟ್ರೂಟ್ ತಿಂದವಳು ಇಡೀ ಕಡೂರಿನಲ್ಲಿ ನಾನೊಬ್ಬಳೇ ಇರಬೇಕು.

ಕಡೂರಿನಿಂದ ರೈಲಿನಲ್ಲಿ ವಾಪಸ್ ಬರುವಾಗ ಎರಡು ತೀರ್ಮಾನ ಮಾಡಿದೆ. ಒಂದು, ಇನ್ನು ಮೇಲೆ ಯಾರು ಹಿಡಿದ ಸೀಟಿನಲ್ಲೂ ಕೂರುವುದಿಲ್ಲ. ನಿಂತಿರುವವಳನ್ನು ಯಾರೂ ಎಬ್ಬಿಸಲಾರರು. ಎರಡು, ಯಾವ ಹುಡುಗನನ್ನೂ ನೀನು, ಲೋ ಎಂದು ಮಾತಾಡಿಸುವುದಿಲ್ಲ. ಸಲಿಗೆಯೇ ಎಲ್ಲದಕ್ಕೂ ಮೂಲ. ಎಲ್ಲರಿಗೂ ನೀವು, ಎಲ್ಲರಿಗೂ ರೀ. ರೀ ಎಂದರೆ ನಡುವೆ ಮುಳ್ಳುಬೇಲಿ ಹಾಕಿದಂತೆ ಎಂದುಕೊಂಡೆ.

ಈ ಎರಡನೆಯ ತೀರ್ಮಾನದಲ್ಲಿ ಎಂಥ ಎಡವಟ್ಟಿದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಗೆಳತಿ ಒಂದೇ ದಿನದಲ್ಲಿ ಕಂಡುಹಿಡಿದಳು. ಕ್ಲಾಸಿನ ಒಬ್ಬನಿಗೆ ನಾನು "ಏನ್ರೀ, ನೋಟ್ಸ್ ಕೊಡ್ತೀರಾ" ಅಂದದ್ದನ್ನು ಕೇಳಿ ಅವಳು ನಕ್ಕು ನಕ್ಕು ಬೆಂಚಿಗೆ ಬಿದ್ದಳು. ರೀ ಅಂತ ಕರೆಯೋದು ಗಂಡನ್ನ ಕಣೇ ಅಂದಳು. ಅಮ್ಮ ಅಪ್ಪನನ್ನು ಕರೆಯುವುದು, ಚಿಕ್ಕಮ್ಮ ಚಿಕ್ಕಪ್ಪನನ್ನು ಕರೆಯುವುದು, ಎಲ್ಲ ಅದೇ ಅಲ್ಲವೇ. ನಿಜ. ಆದರೆ ಹಿಡಿದ ಹಟ ಬಿಡುವ ಪೈಕಿ ನಾನಲ್ಲ. ಊರಿಗೇ ಒಂದು ದಾರಿ, ಇವಳಿಗೇ ಒಂದು ದಾರಿ ಎಂದು ಗೆಳತಿ ಕೈಬಿಟ್ಟಳು. ಅವಳು ನನಗಾಗಿ ಹಿಡಿದ ಸೀಟಿನಲ್ಲೂ ನಾನು ಕೂರದೆ ಹೋದಾಗ ಒಂದು ವಾರ ಮಾತನ್ನೂ ಬಿಟ್ಟಿದ್ದಳು.

ಸೆಕೆಂಡ್ ಇಯರ್ ಪೂರ್ತಿ ನಿಂತೇ ಹೋದೆ. ಆ ಹೊತ್ತಿಗೆ ಹೆಂಗಸರಿಗೆ ಬಸ್ಸು ಫ್ರೀ ಆಗಿ, ನಿಲ್ಲುವುದಕ್ಕೂ ಜಾಗ ಹಿಡಿಯಬೇಕಾದ ಪರಿಸ್ಥಿತಿ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ. ಕಂಬಿ ಹಿಡಿದು ಹಿಡಿದು ಬಲಗೈ ಸೋತು, ಕೆಮಿಸ್ಟ್ರಿ ಲ್ಯಾಬಿಗೆ ಹೋದರೆ ಹನಿ ಬಿಡುವ ಬ್ಯುರೆಟ್ಟಿನ ತಿರುಗಣೆ ಮುಟ್ಟಿದ ಕೂಡಲೇ ಬೆರಳು ನಡುಗುತ್ತಿತ್ತು. ಒಂದು ಹನಿ ಬೀಳಬೇಕಾದ ಕಡೆ ನಾಲ್ಕು ಬಿದ್ದು, ತಿಳಿಗುಲಾಬಿ ಆಗಬೇಕಾದ ದ್ರಾವಣ ಬೀಟ್ರೂಟ್ ಬಣ್ಣಕ್ಕೆ ತಿರುಗುತ್ತಿತ್ತು. ಮತ್ತೆ ಬೀಟ್ರೂಟು. ನನ್ನ ಹಣೆಯಲ್ಲಿ ಅದೇ ಬರೆದಿತ್ತು.

ನಾನು ನಿಲ್ಲುತ್ತಿದ್ದ ಕಂಬಿಯ ಪಕ್ಕದ ಕಿಟಕಿ ಸೀಟಿನಲ್ಲಿ ದಿನಾ ಒಬ್ಬ ಹುಡುಗ ಕೂರುತ್ತಿದ್ದ. ತರೀಕೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದವನು, ನನಗಿಂತ ಒಂದು ವರ್ಷಕ್ಕೆ ದೊಡ್ಡವನಿರಬಹುದು. ಎಲ್ಲರಿಗಿಂತ ಮೊದಲು ಬಂದು, ಕಿಟಕಿ ತೆರೆದು, ಮುಖವನ್ನು ಗಾಳಿಗೆ ಒಡ್ಡಿ ಕೂತುಬಿಟ್ಟರೆ ಮುಗಿಯಿತು. ಪಕ್ಕದಲ್ಲಿ ಯಾರಿದ್ದಾರೆ, ಯಾರು ನಿಂತಿದ್ದಾರೆ, ಒಂದೂ ಬೇಡ. ನನಗೆ ಅವನ ಸೀಟು ಬೇಕಿರಲಿಲ್ಲ, ಕೊಟ್ಟರೂ ಕೂರುತ್ತಿರಲಿಲ್ಲ. ಆದರೂ ಬಾಯಿಮಾತಿಗಾದರೂ ಕೂತ್ಕೊಳ್ಳಿ ಅನ್ನಬಾರದೇ ಎಂದು ಎರಡು ತಿಂಗಳು ಹೊಟ್ಟೆ ಉರಿದುಕೊಂಡೆ.

ಒಂದು ಬೆಳಿಗ್ಗೆ, ದಿನಾ ತರೀಕೆರೆಗೆ ಸೊಪ್ಪು ಮಾರಲು ಬರುವ ಅಜ್ಜಿಯೊಬ್ಬಳು ಬುಟ್ಟಿ ಹಿಡಿದು ಅವನ ಮುಂದೆಯೇ ಓಲಾಡುತ್ತಿದ್ದಳು. ಇವನ ಕಣ್ಣು ಕಿಟಕಿಯ ಹೊರಗೆ. ನನಗೆ ತಡೆಯಲಾಗಲಿಲ್ಲ. ಏನ್ರೀ, ವಯಸ್ಸಾದವರು ನಿಂತಿರೋದು ಕಾಣಲ್ವೇನ್ರೀ ಎಂದು ಬಸ್ಸಿಗೆಲ್ಲ ಕೇಳುವಂತೆ ಕೇಳಿದೆ. ಅವನ ಮುಖ ಕೆಂಪಾಯಿತು. ಎದ್ದು ಅಜ್ಜಿಗೆ ಜಾಗ ಬಿಟ್ಟ. ಗೆದ್ದೆ ಎಂದುಕೊಂಡೆ. ಹತ್ತು ನಿಮಿಷವೂ ಆಗಿರಲಿಲ್ಲ, ತಿರುವು ಕಳೆದ ಕೂಡಲೇ ಅವನು ಬಾಯಿಗೆ ಕೈ ಹಿಡಿದು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಓಡಿದ. ಬಸ್ಸು ನಿಂತಿತು. ರಸ್ತೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದ.

ಕಂಡಕ್ಟರ್ ಬಂದು ಬೈದದ್ದು ನನಗೆ. "ಆ ಹುಡುಗನ್ನ ಕಿಟಕಿಯಿಂದ ಯಾಕಮ್ಮ ಎಬ್ಬಿಸ್ದೆ? ಗಾಳಿ ಬಡೀದಿದ್ರೆ ಅವನಿಗೆ ಆಗಲ್ಲ. ಬಸ್ ತೊಳಿಯೋದು ನೀನಾ?"

ಇಡೀ ಬಸ್ಸಿಗೆ ಗೊತ್ತಿದ್ದ ವಿಷಯ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಬೈದದ್ದಕ್ಕಿಂತ, ಎಬ್ಬಿಸಿದೆ ಎನ್ನುವ ಮಾತು ನನಗೆ ಚುಚ್ಚಿತು. ನನ್ನನ್ನು ಒಬ್ಬ ಎಬ್ಬಿಸಿದನೆಂದು ವರ್ಷವಿಡೀ ಮುಖ ಊದಿಸಿಕೊಂಡಿದ್ದವಳು ನಾನು, ಈಗ ನಾನೇ ಒಬ್ಬನನ್ನು ಎಬ್ಬಿಸಿ ವಾಂತಿ ಮಾಡಿಸಿದ್ದೆ. ಸೊಪ್ಪಿನ ಅಜ್ಜಿ ಬೇರೆ, ನನಗೇನು ನಿಂತು ಅಭ್ಯಾಸ ಇತ್ತವ್ವ ಎಂದು ಗಾಯಕ್ಕೆ ಉಪ್ಪು ಸವರಿದಳು.

ಮಾರನೆಯ ದಿನ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಎತ್ತಿಕೊಂಡು ಹೋಗಿ ಅವನ ಮುಂದೆ ಹಿಡಿದೆ. ತಗೊಳ್ರೀ, ಮೂಸ್ತಾ ಇದ್ರೆ ವಾಂತಿ ಬರಲ್ಲ, ನಿನ್ನೆ ಗೊತ್ತಾಗ್ಲಿಲ್ಲ ಕಣ್ರೀ ಅಂದೆ. ಅವನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು, ಪರವಾಗಿಲ್ಲ ಬಿಡ್ರೀ ಅಂದ. ಸೊಪ್ಪಿನ ಅಜ್ಜಿ ಇಬ್ಬರ ಮುಖವನ್ನೂ ನೋಡಿ, ಮದ್ವೆ ಯಾವಾಗ ಆಯ್ತವ್ವ, ಊಟಕ್ಕೇ ಕರೀಲಿಲ್ಲ ಅಂದಳು. ಹಿಂದಿನ ಸೀಟಿನವರೆಗೂ ನಗು. ನನ್ನ ಮುಳ್ಳುಬೇಲಿಯ ಗತಿ ಇದಾಯಿತು.

ದಿನಾ ಒಂದು ನಿಂಬೆಹಣ್ಣು ಹೋಗತೊಡಗಿತು. ಕಾಣೆಯಾಗುತ್ತಿದ್ದ ಹಣ್ಣುಗಳನ್ನು ನೋಡಿದ ಅಮ್ಮ, ಮಗಳು ಗುಟ್ಟಾಗಿ ಸಣ್ಣ ಆಗಲು ಹೊರಟಿದ್ದಾಳೆ ಎಂದು ತಿಳಿದಳು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ ಬೆರೆಸಿ ತಾನೇ ಕೈಗೆ ಕೊಡತೊಡಗಿದಳು. ಬೇಡ ಎಂದರೆ ಹಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಹೇಳಬೇಕು. ಮಾಡಿದ್ದುಣ್ಣೋ ಮಹರಾಯ ಎಂದು ಹಲ್ಲು ಜುಂ ಎನ್ನುವ ಹಾಗೆ ಕುಡಿದೆ.

ಅವನ ಅಪ್ಪ ಎಮ್ಮೆದೊಡ್ಡಿ ಕಾವಲಿನಲ್ಲಿ, ಅಲ್ಲಿನ ದೊಡ್ಡ ಹುಲ್ಲುಗಾವಲಿನಲ್ಲಿ, ದನ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಇವನು ಓದಲಿಕ್ಕೆಂದು ಅಜ್ಜಂಪುರದ ಸೋದರತ್ತೆ ಮನೆಯಲ್ಲಿದ್ದ. ಮಾತು ಕಮ್ಮಿ. ಬಾಯಿ ತೆರೆದರೆ ವಾಂತಿ ಬರುತ್ತದೆ ಎನ್ನುವ ಹೆದರಿಕೆಯೂ ಇತ್ತು. ಆದರೆ ನಾನು ಹೇಳಿದ್ದು ಒಂದನ್ನೂ ಮರೆಯುತ್ತಿರಲಿಲ್ಲ. ಒಂದು ದಿನ ನಿಮಗೆ ಇವತ್ತು ಫಿಸಿಕ್ಸ್ ಟೆಸ್ಟ್ ಅಲ್ವೇನ್ರೀ ಎಂದು ಕೇಳಿದಾಗ, ನನಗೇ ಮರೆತುಹೋಗಿತ್ತು. ಇನ್ನೊಂದು ದಿನ, ಎಷ್ಟು ಜಾಗ ಖಾಲಿ ಇದ್ದರೂ ಯಾಕೆ ಕೂರುವುದಿಲ್ಲ ಎಂದು ಕೇಳಿದ. ಸುಮ್ಮನೆ ಅಂದೆ. ಅವನು ನಿಂಬೆಹಣ್ಣು ಮೂಸುತ್ತಾ ಹೇಳಿದ.

"ನಮ್ಮ ಕಾವಲಿನ ದನ ಇದ್ದಂಗೆ ಕಣ್ರೀ ನೀವು. ಹುಲ್ಲು ಕೊಡೋಕೆ ಹೋದ್ರೂ ಹಾಯೋಕೆ ಬರ್ತವೆ."

ದನ ಎಂದು ಕರೆಸಿಕೊಂಡ ಮೇಲೆ ನಿಂಬೆಹಣ್ಣು ಎಲ್ಲಿಂದ ಬರಬೇಕು. ಎರಡು ದಿನ ಕೊಡಲಿಲ್ಲ. ಮೂರನೆಯ ದಿನ ಅವನ ಬಿಳಿಚಿದ ಮುಖ ನೋಡಲಾಗದೆ ಕೊಟ್ಟೆ. ಕೊಟ್ಟ ಮೇಲೆ ನನ್ನ ಮೇಲೆಯೇ ರೇಗಿತು. ಯಾವುದು ಆಗಬಾರದು ಎಂದು ಕಾಲು ನೋಯಿಸಿಕೊಂಡು, ಕೈ ನೋಯಿಸಿಕೊಂಡು, ವರ್ಷಪೂರ್ತಿ ನಿಂತು ಕಾವಲು ಕಾದೆನೋ ಅದು ನಿಂತಲ್ಲಿಯೇ ಆಗಿಹೋಗಿತ್ತು. ಅವನು ಬಸ್ಸಿಗೆ ಬರದ ದಿನ ದಾರಿ ಉದ್ದವಾಗುತ್ತಿತ್ತು. ಅವನಿಗೆ ನನ್ನ ಮೇಲೆ ಏನಿದೆ, ಏನಾದರೂ ಇದೆಯೋ ಇಲ್ಲವೋ, ದೇವರಿಗೇ ಗೊತ್ತು. ರೀ, ರೀ ಎಂದುಕೊಂಡು ಇರುವ ಇಬ್ಬರಲ್ಲಿ ಯಾರ ಮನಸ್ಸಲ್ಲಿ ಏನಿದೆ ಎಂದು ಹೇಗೆ ತಿಳಿದೀತು.

ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ದಿನವಿದ್ದಾಗ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಅವನ ಜೊತೆ ಮಾತಾಡುತ್ತಿದ್ದದ್ದನ್ನು ಕಂಡೆ. ಡಿಪ್ಲೊಮಾದವಳೇ, ಕೈಯಲ್ಲಿ ಡ್ರಾಯಿಂಗ್ ಹಾಳೆಯ ಸುರುಳಿ. ಅವನು ನಗುತ್ತಿದ್ದ. ನನ್ನ ಹತ್ತಿರ ಹಲ್ಲು ತೋರಿಸಿ ನಕ್ಕದ್ದು ನನಗೆ ನೆನಪಿಲ್ಲ. ಮನೆಗೆ ಬಂದು ಅಜ್ಜಿಯ ಮೇಲೆ ಕಾರಣವಿಲ್ಲದೆ ಕೂಗಾಡಿದೆ. ಅಜ್ಜಿ ಮತ್ತೆ ದೃಷ್ಟಿ ತೆಗೆದಳು.

ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸು ಎಂದಿಗಿಂತ ತುಂಬಿತ್ತು. ಹೇಗೋ ನುಗ್ಗಿಕೊಂಡು ನನ್ನ ಕಂಬಿಯ ಹತ್ತಿರ ಹೋದೆ. ಅವನು ಎದ್ದು ನಿಂತಿದ್ದ. ಅವನ ಕಿಟಕಿ ಸೀಟು ಖಾಲಿ. ಅದರ ಮೇಲೆ ಒಂದು ಕರ್ಚೀಫು, ನೀಲಿ ಚೌಕಳಿಯದು. ತರೀಕೆರೆ ಸಂತೆಯಲ್ಲಿ ಸಿಗುವುದು ಅದೊಂದೇ ಬಣ್ಣವೋ ಏನೋ, ಹಾಳಾದ್ದು.

ಆ ಡ್ರಾಯಿಂಗ್ ಹಾಳೆಯವಳು ಈಗ ಬಂದು ಕೂರುತ್ತಾಳೆ, ನಾನು ಮತ್ತೆ ತರೀಕೆರೆಯವರೆಗೆ ಪಕ್ಕದಲ್ಲಿ ನಿಂತಿರಬೇಕು. ಹೋದ ವರ್ಷದ್ದೇ ಬಸ್ಸು, ಅದೇ ಕಂಬಿ. ಅವನು ನನ್ನ ಕಡೆ ನೋಡಿ ಏನೋ ಹೇಳಹೊರಟ. ನಾನು ಮುಖ ತಿರುಗಿಸಿ ಪುಸ್ತಕ ತೆರೆದೆ. ಬಸ್ಸು ಹೊರಟಿತು. ಯಾರೂ ಬರಲಿಲ್ಲ. ಜನ ಗೊಣಗತೊಡಗಿದರು, ಯಾರಿಗಪ್ಪಾ ಈ ಸೀಟು, ಬರೋದಿದ್ರೆ ಬರ್ಲಿ, ಇಲ್ಲ ಕರ್ಚೀಫ್ ತೆಗಿ ಎಂದರು. ಬಂದಿದಾರೆ, ಕೂತ್ಕೊಂತಾರೆ ಎಂದು ಅವನು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದ. ಬೆವರುತ್ತಲೂ ಇದ್ದ. ನನಗೆ ರೇಗಿ ಹೋಯಿತು.

"ನೀವು ಯಾರಿಗೆ ಹಾಕಿದೀರೋ ಅವ್ರು ಬರ್ಲಿಲ್ಲ ಕಣ್ರೀ," ಅಂದೆ. "ಸುಮ್ನೆ ನೀವೇ ಕೂತ್ಕೊಳ್ಳಿ."

ಅವನು ನನ್ನನ್ನೇ ನೋಡಿದ. "ನಿಮಗೇ ಹಾಕಿರೋದು. ನಿಂತು ಬಂದ್ರೆ ಲ್ಯಾಬಲ್ಲಿ ಕೈ ನಡುಗುತ್ತೆ ಅಂತಿದ್ರಲ್ಲ. ಇವತ್ತು ಪ್ರಾಕ್ಟಿಕಲ್ ಅಲ್ವಾ?"

ಅದನ್ನು ನಾನು ಯಾವಾಗಲೋ ಒಮ್ಮೆ, ನನ್ನಷ್ಟಕ್ಕೆ ಗೊಣಗಿದ್ದೆ. ಇಡೀ ಬಸ್ಸು ನನ್ನನ್ನು ನೋಡುತ್ತಿತ್ತು. ಕೂರಬಾರದು ಎನ್ನುವ ತೀರ್ಮಾನ ನೆನಪಿತ್ತು. ಕೂತರೆ ಯಾವತ್ತೋ ಒಂದು ದಿನ ಏಳಬೇಕಾಗುತ್ತದೆ ಎನ್ನುವುದೂ ನೆನಪಿತ್ತು. ಸೊಪ್ಪಿನ ಅಜ್ಜಿ, ಕೂತ್ಕಳವ್ವ, ಇಲ್ದಿದ್ರೆ ನಾನು ಕೂತ್ಕೊಂಡ್ಬಿಡ್ತೀನಿ ಅಂದಳು. ಕರ್ಚೀಫ್ ಎತ್ತಿಕೊಂಡು ಕೂತೆ. ವರ್ಷದ ಮೇಲೆ ಆ ಬಸ್ಸಿನ ಸೀಟು ನನ್ನ ಬೆನ್ನಿಗೆ ತಾಗಿತು. ನಿಂಬೆಹಣ್ಣು ತೆಗೆದು ಅವನ ಕೈಗೆ ಕೊಟ್ಟೆ.

ನಿಂಬೆಹಣ್ಣು ಗಾಳಿಯ ಕೆಲಸ ಮಾಡುವುದಿಲ್ಲ. ಅರ್ಧ ದಾರಿ ಕಳೆದಿರಲಿಲ್ಲ, ಅವನ ತುಟಿ ಬೆಳ್ಳಗಾಯಿತು. ಕಣ್ಣು ಮುಚ್ಚಿ, ಕಂಬಿಗೆ ಹಣೆ ಒತ್ತಿ, ಹಣ್ಣನ್ನು ಮೂಗಿಗೆ ಹಿಡಿದು ನಿಂತಿದ್ದ. ಏನಾದರೂ ಹೇಳಿದನೇ? ಇಲ್ಲ. ಏಳು ಎನ್ನಲಿಲ್ಲ, ಸ್ವಲ್ಪ ಸರಿ ಎನ್ನಲಿಲ್ಲ. ತರೀಕೆರೆ ಬರುವವರೆಗೂ ಹಾಗೆಯೇ ನಿಂತು ಸತ್ತರೂ ಅನ್ನುವವನಲ್ಲ ಎಂದು ನನಗೆ ಗೊತ್ತಾಯಿತು. ಬ್ಯಾಗು ಹೆಗಲಿಗೆ ಹಾಕಿ ಎದ್ದೆ.

ಅವನು ಕಣ್ಣು ಬಿಟ್ಟು ತಲೆಯಾಡಿಸಿದ. "ಬೇಡ. ನೀನು ಕೂತ್ಕೊ."

ನೀನು ಅಂದ. ಅವನಿಗೆ ಗೊತ್ತಾಗಿಯೇ ಬಂತೋ, ಹೊಟ್ಟೆ ತೊಳಸುವಾಗ ಮರ್ಯಾದೆ ಮರೆತುಹೋಯಿತೋ, ಇವತ್ತಿಗೂ ಕೇಳಿಲ್ಲ. ನಾನು ಅವನ ತೋಳು ಹಿಡಿದು ಕಿಟಕಿಯ ಕಡೆಗೆ ನೂಕಿದೆ.

"ಬಾಯಿ ಮುಚ್ಕೊಂಡು ಕೂತ್ಕೊಳೋ," ಅಂದೆ.

ಅವನು ಕೂತ. ಮುಖವನ್ನು ಗಾಳಿಗೆ ಕೊಟ್ಟ. ನಾನು ನನ್ನ ಕಂಬಿ ಹಿಡಿದೆ. ಸೊಪ್ಪಿನ ಅಜ್ಜಿ ಏನಾದರೂ ಅಂದೇ ಅನ್ನುತ್ತಾಳೆ ಎಂದು ಕಾದೆ. ಅವಳು ಬುಟ್ಟಿಯ ಪಕ್ಕ ಕೆಳಗೇ ಕುಕ್ಕರಿಸಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಕರ್ಚೀಫ್ ನನ್ನ ಕೈಯಲ್ಲೇ ಉಳಿದಿತ್ತು.

ಲ್ಯಾಬಿನಲ್ಲಿ ಕೈ ನಡುಗಿಯೇ ನಡುಗಿತು. ಮೊದಲ ಸಲ ಬೀಟ್ರೂಟ್ ಬಣ್ಣ. ಎರಡನೆಯ ಸಲವೂ ಬೀಟ್ರೂಟ್. ಹೊರಗಿನಿಂದ ಬಂದಿದ್ದ ಪರೀಕ್ಷಕರು, ವಯಸ್ಸಾದ ಮೇಷ್ಟ್ರು, ನನ್ನ ಹಿಂದೆ ಬಂದು ನಿಂತು, ಯಾಕಮ್ಮ ಇಷ್ಟು ನಡುಗ್ತಿದೀಯ, ಹೆದರಿಕೆನಾ ಎಂದು ಕೇಳಿದರು. ಇಲ್ಲ ಸರ್, ಅಜ್ಜಂಪುರದಿಂದ ಬಸ್ಸಲ್ಲಿ ಕಂಬಿ ಹಿಡಿದು ನಿಂತು ಬಂದೆ ಅಂದೆ. ಅವರಿಗೆ ಪಾಪ ಅನ್ನಿಸಿರಬೇಕು.

"ಪರೀಕ್ಷೆ ದಿನಾನೂ ಒಂದು ಸೀಟು ಸಿಗ್ಲಿಲ್ವೇನಮ್ಮ?"

"ಸಿಕ್ಕಿತ್ತು ಸರ್," ಅಂದೆ. "ನಾನೇ ಎದ್ದೆ."